ಲೋಕವನ್ನು ಮಾಡಿದವರಾರು? : ವಿಜಯನಗರದ ನೆಲದಲ್ಲಿ ಒಂದು ಪ್ರಾಚೀನ ಪ್ರಶ್ನೆ

ಈ ವಿಶ್ವಕ್ಕೆ ಆದಿಯುಂಟೆ? ಇದನ್ನು ನಿರ್ಮಿಸಿದ ಕರ್ತೃವೊಬ್ಬನಿರುವನೆ? ಈ ಪ್ರಶ್ನೆ ಮಾನವನ ವಿಚಾರಶಕ್ತಿಯಷ್ಟೇ ಹಳೆಯದು. ಕುಂಬಾರನಿಲ್ಲದೆ ಗಡಿಗೆಯಿಲ್ಲ, ಆದುದರಿಂದ ಜಗತ್ತಿಗೂ ಕರ್ತೃವಿರಬೇಕೆಂದು ನೈಯಾಯಿಕರು ವಾದಿಸಿದರು. ಪ್ರಕೃತಿಯ ಪರಿಣಾಮವೇ ಜಗತ್ತೆಂದು ಸಾಂಖ್ಯರು ಹೇಳಿದರು. ಲೋಕವು ಅಕೃತ್ರಿಮ, ಅನಾದಿನಿಧನ, ಅದನ್ನು ಮಾಡಿದವರೂ ಇಲ್ಲ, ಅಳಿಸುವವರೂ ಇಲ್ಲ ಎಂಬುದು ಜೈನದರ್ಶನದ ನಿಲುವು. ಇಂತಹ ಭಿನ್ನ ನಿಲುವುಗಳನ್ನು ತಾಳಿದವರೆಲ್ಲ ಒಂದೇ ನಗರದಲ್ಲಿ ನೆಲೆಸಿ, ತಂತಮ್ಮ ಆಲಯಗಳನ್ನು ಕಟ್ಟಿಕೊಂಡು ಬಾಳಿದ ನಿದರ್ಶನವು ನಮ್ಮ ಹಂಪೆಯಲ್ಲಿಯೇ ಇದೆ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ಮಾರ್ಗದ ಪಕ್ಕದಲ್ಲಿ, ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಜಿನಾಲಯವನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಅದರ ಮುಂದಿನ ಎತ್ತರದ ಕಂಬದ ಮೇಲಿರುವ ಸಂಸ್ಕೃತ ಶಾಸನವು ಶಕವರ್ಷ 1307ರದು, ಅಂದರೆ ಕ್ರಿ.ಶ. 1385-86ರದು. ಇಮ್ಮಡಿ ಹರಿಹರನ ದಂಡನಾಯಕನೂ ಸಿಂಹನಂದಿ ಆಚಾರ್ಯರ ಶಿಷ್ಯನೂ ಆದ ಇರುಗಪ್ಪನು ಹದಿನೇಳನೆಯ ತೀರ್ಥಂಕರರಾದ ಕುಂಥುನಾಥರಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ಸಾರುತ್ತದೆ. ಖಡ್ಗ ಹಿಡಿದ ಈ ದಂಡನಾಯಕನೇ ‘ನಾನಾರ್ಥರತ್ನಮಾಲಾ’ ಎಂಬ ನಿಘಂಟಿನ ಕರ್ತೃವೂ ಹೌದು. ಮುಂದೆ 1426ರಲ್ಲಿ ಇಮ್ಮಡಿ ದೇವರಾಯನು ರಾಜಧಾನಿಯ ಪಾನಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. ವಿರೂಪಾಕ್ಷನ ಅಂಕಿತದಲ್ಲಿ ರಾಜ್ಯವಾಳಿದ ಅರಸನು ಜಗತ್ಕರ್ತೃವನ್ನು ಒಪ್ಪದ ದರ್ಶನಕ್ಕೆ ಅರಮನೆಯ ಸಮೀಪದಲ್ಲಿಯೇ ಸ್ಥಳವಿತ್ತನೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ಸಹಬಾಳ್ವೆ ತಾನಾಗಿ ಒದಗಿದುದೂ ಅಲ್ಲ. ಶ್ರೀವೈಷ್ಣವರಿಗೂ ಜೈನರಿಗೂ ವಿವಾದ ಹುಟ್ಟಿದಾಗ ಆನೆಗೊಂದಿ ಮೊದಲಾದ ಸ್ಥಳಗಳ ಭವ್ಯಜನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರಲ್ಲಿ ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವೆಣಿಸಬಾರದೆಂದು ವಿಧಿಸಿದ ವೃತ್ತಾಂತವು ಶ್ರವಣಬೆಳಗೊಳದ ಶಾಸನದಲ್ಲಿದೆ. ವಿದ್ಯಾರಣ್ಯರ ಹೆಸರಿನೊಡನೆ ಪರಂಪರೆಯು ಜೋಡಿಸಿರುವ ‘ಸರ್ವದರ್ಶನಸಂಗ್ರಹ’ವೂ ಆ ಕಾಲದ್ದೇ. ಅದರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಹದಿನಾರು ದರ್ಶನಗಳಲ್ಲಿ ಮೂರನೆಯದಾಗಿ ಆರ್ಹತ ದರ್ಶನವನ್ನು, ಅದರ ಕರ್ತೃತ್ವನಿರಾಕರಣೆಯ ವಾದಸಹಿತ ನಿರೂಪಿಸಿರುವುದು ಗಮನಾರ್ಹ. ಎದುರು ಪಕ್ಷದ ಮಾತನ್ನು ಮೊದಲು ಸರಿಯಾಗಿ ತಿಳಿಯಬೇಕು, ಅನಂತರ ಖಂಡಿಸಬೇಕು ಎಂಬುದು ಅಂದಿನ ಶಿಷ್ಟಾಚಾರವಾಗಿತ್ತು.

ಹಾಗಾದರೆ ನಮ್ಮ ಆಚಾರ್ಯರು ಹೇಳಿದುದೇನು? ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳ ನೆಲೆಯೇ ಲೋಕ. ಇಲ್ಲಿ ಧರ್ಮವೆಂದರೆ ಪುಣ್ಯವಲ್ಲ, ಚಲನೆಗೆ ನೆರವಾಗುವ ದ್ರವ್ಯ. ಅಧರ್ಮವೆಂದರೆ ಸ್ಥಿತಿಗೆ ನೆರವಾಗುವ ದ್ರವ್ಯ. ಪ್ರತಿಯೊಂದು ವಸ್ತುವಿನಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯಗಳು ಒಟ್ಟಿಗೆ ಇರುತ್ತವೆ. ಬಳೆಯನ್ನು ಕರಗಿಸಿ ಉಂಗುರ ಮಾಡಿದರೆ ಬಳೆ ಅಳಿಯಿತು, ಉಂಗುರ ಹುಟ್ಟಿತು, ಚಿನ್ನ ಉಳಿಯಿತು. ಲೋಕದ ಕಥೆಯೂ ಇದೇ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಮಹಾಪುರಾಣದಲ್ಲಿ ಸೃಷ್ಟಿಕರ್ತೃವಾದವನ್ನು ತರ್ಕದ ಒರೆಗಲ್ಲಿಗೆ ಹಚ್ಚಿದರು. ಲೋಕವಿಲ್ಲದಿದ್ದಾಗ ಕರ್ತೃವು ಎಲ್ಲಿದ್ದನು? ಯಾವ ಸಾಮಗ್ರಿಯಿಂದ ಮಾಡಿದನು? ಆ ಸಾಮಗ್ರಿಯನ್ನು ಯಾರೂ ಮಾಡಲಿಲ್ಲವೆಂದಾದರೆ ಲೋಕವನ್ನೂ ಹಾಗೆಯೇ ಏಕೆ ಒಪ್ಪಬಾರದು? ಅವನು ಕೃತಕೃತ್ಯನಾಗಿದ್ದರೆ ಸೃಷ್ಟಿಯ ಇಚ್ಛೆ ಎಲ್ಲಿಂದ ಬಂದಿತು? ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರು 1980ರಲ್ಲಿ ಪ್ರಕಟವಾದ ತಮ್ಮ ‘ಕಾಸ್ಮೋಸ್’ ಗ್ರಂಥದಲ್ಲಿ ಜಿನಸೇನರ ಈ ಭಾಗವನ್ನು ಉದ್ಧರಿಸಿರುವುದು ಕನ್ನಡನಾಡಿನವರು ಹೆಮ್ಮೆಪಡುವ ಸಂಗತಿ.

ಜಿನಸೇನರ ಗುರುಗಳಾದ ವೀರಸೇನಾಚಾರ್ಯರ ಕಾರ್ಯವು ಇದಕ್ಕಿಂತ ಸೂಕ್ಷ್ಮವಾದುದು. ಕ್ರಿ.ಶ. 816ರಲ್ಲಿ ಮುಗಿಯಿತೆನ್ನಲಾದ ಅವರ ‘ಧವಲಾ’ ಟೀಕೆಯ ತಾಡವಾಲೆ ಪ್ರತಿಗಳನ್ನು ಹಳಗನ್ನಡ ಲಿಪಿಯಲ್ಲಿ ಕಾಪಾಡಿಕೊಂಡು ಬಂದುದು ಮೂಡಬಿದಿರೆ. ಲೋಕದ ಎತ್ತರ 14 ರಜ್ಜು, ಘನಫಲ 343 ಘನರಜ್ಜು ಎಂಬುದು ಪರಂಪರೆಯ ಲೆಕ್ಕ. ಲೋಕವು ಮೃದಂಗದಂತೆ ದುಂಡಾಗಿದೆಯೆಂಬ ಮತವೂ ಇದ್ದಿತು. ವೀರಸೇನರು ಆ ಆಕಾರದ ಘನಫಲವನ್ನು ಗಣಿಸಿದರು. ಸುಮಾರು 164 ಘನರಜ್ಜು ಮಾತ್ರ ಬಂದಿತು. ಆದುದರಿಂದ ಆ ಮತವನ್ನು ಬಿಟ್ಟು, ಉತ್ತರ ದಕ್ಷಿಣವಾಗಿ ಎಲ್ಲೆಡೆಯೂ 7 ರಜ್ಜು ದಪ್ಪವಿರುವ ಆಕಾರವನ್ನು ಎತ್ತಿಹಿಡಿದರು. ಅಧೋಲೋಕದ ಅಗಲವು ತಳದಲ್ಲಿ 7 ರಜ್ಜು, ಮೇಲೆ 1 ರಜ್ಜು, ಸರಾಸರಿ 4. ಅದನ್ನು ಎತ್ತರ 7 ಮತ್ತು ದಪ್ಪ 7ರಿಂದ ಗುಣಿಸಿದರೆ 196. ಊರ್ಧ್ವಲೋಕವು 1ರಿಂದ 5ಕ್ಕೆ ಹಿಗ್ಗಿ ಮತ್ತೆ 1ಕ್ಕೆ ಕುಗ್ಗುವುದರಿಂದ ಸರಾಸರಿ 3. ಅದೇ ರೀತಿ ಗುಣಿಸಿದರೆ 147. ಎರಡೂ ಸೇರಿ 343. ಹಿರಿಯರ ಮಾತನ್ನು ಕಣ್ಣುಮುಚ್ಚಿ ಒಪ್ಪದೆ ಲೆಕ್ಕವಿಟ್ಟು ಪರೀಕ್ಷಿಸಿದ ಈ ಮನೋಧರ್ಮವೇ ನಮಗೆ ಬಂದಿರುವ ದೊಡ್ಡ ಆಸ್ತಿ.

ಇಂದು ನಮ್ಮ ಮಕ್ಕಳು ಮನೆಯಲ್ಲಿ ಲೋಕವು ಅನಾದಿಯೆಂದು ಕೇಳುತ್ತಾರೆ. ಶಾಲೆಯಲ್ಲಿ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷವೆಂದು ಓದುತ್ತಾರೆ. ಯಾವುದು ನಿಜವೆಂದು ಕೇಳಿದಾಗ ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ವಿಜ್ಞಾನವೇ ನಮ್ಮ ಶಾಸ್ತ್ರವನ್ನು ಸ್ಥಾಪಿಸಿದೆಯೆಂದು ಜಂಬ ಕೊಚ್ಚುವುದೂ ಸರಿಯಲ್ಲ. 1929ರಲ್ಲಿ ಹಬಲ್ ಅವರು ದೂರದ ನಕ್ಷತ್ರಸಮೂಹಗಳು ನಮ್ಮಿಂದ ದೂರ ಸರಿಯುತ್ತಿವೆಯೆಂದು ತೋರಿಸಿದರು. ವಿಶ್ವವು ಹಿಗ್ಗುತ್ತಿದ್ದರೂ ಅದಕ್ಕೆ ಆದಿಯಿಲ್ಲವೆಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಎಂಬ ಮೂವರು ಮಂಡಿಸಿದರು. ಅದು ಅನಾದಿವಾದಕ್ಕೆ ಹತ್ತಿರವಾಗಿ ತೋರಿತು. ಆದರೆ 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅವರು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಮಂದ ವಿಕಿರಣವನ್ನು ಕಂಡುಹಿಡಿದ ಮೇಲೆ ಬಹುಮಂದಿ ವಿಜ್ಞಾನಿಗಳು ಮಹಾಸ್ಫೋಟ ಸಿದ್ಧಾಂತವನ್ನು ಒಪ್ಪಿದರು. ನಮ್ಮ ಸಿದ್ಧಾಂತವನ್ನು 1948ರ ವಾದಕ್ಕೆ ಕಟ್ಟಿದ್ದರೆ 1965ರಲ್ಲಿ ಅದರೊಡನೆ ಬೀಳಬೇಕಾಗುತ್ತಿತ್ತಲ್ಲವೆ?

1,380 ಕೋಟಿ ವರ್ಷವೆಂಬುದು ಅತ್ಯಂತ ಸಾಂದ್ರವೂ ಉಷ್ಣವೂ ಆದ ಒಂದು ಸ್ಥಿತಿಯಿಂದ ವಿಶ್ವವು ಹಿಗ್ಗಲಾರಂಭಿಸಿ ಕಳೆದ ಕಾಲ. ಅದಕ್ಕೆ ಹಿಂದೆ ಏನಿತ್ತೆಂಬ ಬಗ್ಗೆ ಭೌತವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಮ್ಮ ಶಾಸ್ತ್ರದ ಲೋಕವಿವರಣೆ ಮತ್ತು ಇಂದಿನ ಖಗೋಳವಿವರಣೆ ಒಂದೇ ಅಲ್ಲ. ರಜ್ಜುವನ್ನು ಮೈಲಿಗಳಾಗಿ ಬದಲಿಸಿ ಅವುಗಳನ್ನು ಬಲವಂತದಿಂದ ಹೊಂದಿಸಬೇಕಾಗಿಲ್ಲ. ವೀಕ್ಷಣೆಗೆ ನಿಲುಕಿದುದನ್ನು ವಿಜ್ಞಾನದಿಂದ ಕಲಿಯೋಣ. ದ್ರವ್ಯದ ಸ್ವಭಾವವೇನು, ಬಂಧ ಮೋಕ್ಷಗಳಿಗೆ ಹೊಣೆ ಯಾರು ಎಂಬುದನ್ನು ದರ್ಶನದಿಂದ ಅರಿಯೋಣ. ಲೋಕಕ್ಕೆ ಕರ್ತೃವಿಲ್ಲವೆಂಬ ಮಾತಿನ ನಿಜವಾದ ಭಾರವು ಇಲ್ಲಿದೆ. ನಮ್ಮ ಕರ್ಮಕ್ಕೆ ನಾವೇ ಕರ್ತೃಗಳು. ಹೊರಗಿನವನೊಬ್ಬನ ಮೇಲೆ ಅದನ್ನು ಹೊರಿಸಲು ಬರುವುದಿಲ್ಲ.

ಉತ್ಪಾದ ವ್ಯಯ ಧ್ರೌವ್ಯಗಳ ಪಾಠವನ್ನು ಮಕ್ಕಳಿಗೆ ಹೇಳಲು ದೂರ ಹೋಗಬೇಕಾಗಿಲ್ಲ. ಸಂಡೂರಿನ ಬೆಟ್ಟಗಳ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದಿನ ಕಡಲಿನ ತಳದಲ್ಲಿ ಪದರಪದರವಾಗಿ ಕೂತದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಂಪೆಯ ಹೆಬ್ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ್ದ ಶಿಲಾರಸ ಹೆಪ್ಪುಗಟ್ಟಿ ಆದವು. ಅದೇ ಬಂಡೆಗಳು ಬಿಸಿಲು ಮಳೆಗಳಿಗೆ ಸವೆದು ಮಣ್ಣಾಗುತ್ತವೆ; ಹೊಳೆ ಹೊತ್ತುತಂದ ಅಂತಹ ಮಣ್ಣಿನಲ್ಲಿ ಕಂಪ್ಲಿಯ ಭತ್ತ ಬೆಳೆಯುತ್ತದೆ. ಕಡಲು ಬೆಟ್ಟವಾಯಿತು, ಬೆಟ್ಟ ಮಣ್ಣಾಯಿತು, ಮಣ್ಣು ಅನ್ನವಾಯಿತು. ಪರ್ಯಾಯಗಳು ಬದಲಾದವು, ಪುದ್ಗಲ ಉಳಿಯಿತು.

ಕಲ್ಲನ್ನು ಬಿಂಬವಾಗಿಸಿ ಪ್ರತಿಷ್ಠಾಪಿಸುವ ಈ ಶುಭಸಂದರ್ಭದಲ್ಲಿ ಇರುಗಪ್ಪನು ಕಟ್ಟಿಸಿದ ಜಿನಾಲಯವನ್ನೂ ನೆನೆಯೋಣ. ಕಟ್ಟಡವು ಪರ್ಯಾಯ, ಅದು ಸವೆಯುವುದು ಸಹಜ. ಪ್ರಶ್ನಿಸಿ, ಪರೀಕ್ಷಿಸಿ, ಪರಮತವನ್ನು ಸಹಿಸಿ ಸತ್ಯವನ್ನು ಅರಸುವ ಬುದ್ಧಿಯನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದು ನಮ್ಮ ಕೈಯಲ್ಲಿದೆ. ಹೊಸ ಬಸದಿಯ ಅಂಗಳದಲ್ಲಿ ಮಕ್ಕಳ ಪ್ರಶ್ನೆಗಳಿಗೂ ಒಂದು ಜಗಲಿಯಿರಲಿ.