'ಹೋಮ್ಲಿ' ಅಂದರೆ ಹೊಗಳಿಕೆಯೋ, ತೆಗಳಿಕೆಯೋ? ಅಮೀರ್‌ಪೇಟೆಯಲ್ಲಿ ಒಂದರ್ಥ, ಅಮೆರಿಕದಲ್ಲಿ ಮತ್ತೊಂದು!

ಹೈದರಾಬಾದ್: ಸಾಫ್ಟ್‌ವೇರ್ ಕೋರ್ಸ್‌ಗಳಿಗೆ ಹೆಸರಾದ ಇಲ್ಲಿನ ಅಮೀರ್‌ಪೇಟೆಯ ಹಾಸ್ಟೆಲ್, ಪಿಜಿ ಬೋರ್ಡ್‌ಗಳಲ್ಲಿ 'ಹೋಮ್ಲಿ ಫುಡ್' ಎಂಬ ಮಾತು ಮಾಮೂಲು. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದವರಿಗೂ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯಂಥ ಊಟ, ಅಷ್ಟೇ. ಆದರೆ ಇದೇ ಗುಣವಾಚಕವನ್ನು ಅಮೆರಿಕದಲ್ಲಿ ವ್ಯಕ್ತಿಯೊಬ್ಬರ ಬಗ್ಗೆ ಬಳಸಿದರೆ, 'ನೋಡಲು ಚೆನ್ನಾಗಿಲ್ಲ' ಎಂದು ಹೇಳಿದಂತಾಗುತ್ತದೆ!

ಅರ್ಥ ಬದಲಾಗಿದ್ದು ಹೇಗೆ?

'ಹೋಮ್' ಎಂಬ ನಾಮಪದಕ್ಕೆ 'ಲಿ' ಸೇರಿ ಈ ಪದ ಹುಟ್ಟಿದೆ. ಮೊದಲಿಗೆ ಮನೆಗೆ ಸಂಬಂಧಿಸಿದ್ದು ಎಂಬ ಅರ್ಥವಿತ್ತು. ಮನೆಯದ್ದು ಎಂದರೆ ಸರಳ, ಆಡಂಬರವಿಲ್ಲದ್ದು ಎಂದಾಯಿತು. ಅಲ್ಲಿಂದ ಮುಂದೆ ಮುಖಚಹರೆಗೂ ಅಂಟಿಕೊಂಡು 'ಸಾಧಾರಣ ರೂಪ' ಎಂಬ ಅರ್ಥ ಬಂತು. ಬ್ರಿಟನ್‌ನಲ್ಲಿ ಇಂದಿಗೂ ಬೆಚ್ಚಗಿನ, ಹಿತವಾದ ಎಂಬ ಅರ್ಥವೇ ಮುಖ್ಯ. ಅಮೆರಿಕನ್ನರು ಆ ಅರ್ಥಕ್ಕೆ 'ಹೋಮಿ' ಎನ್ನುತ್ತಾರೆ, 'ಹೋಮ್ಲಿ'ಯನ್ನು ರೂಪದ ಕೊರತೆಗೆ ಉಳಿಸಿಕೊಂಡಿದ್ದಾರೆ.

ಮದುವೆ ಜಾಹೀರಾತಿನ ತೊಡಕು

ನಮ್ಮ ವಧು-ವರ ಜಾಹೀರಾತುಗಳಲ್ಲಿ 'ಹೋಮ್ಲಿ ಗರ್ಲ್' ಎಂದರೆ ಮನೆವಾರ್ತೆ ಬಲ್ಲ, ಹಿರಿಯರೊಂದಿಗೆ ಹೊಂದಿಕೊಂಡು ಹೋಗುವ ಹುಡುಗಿ. ಮಗಳನ್ನು ಮೆಚ್ಚಿ ಬರೆದ ಈ ಮಾತನ್ನು ಅಮೆರಿಕದಲ್ಲೇ ಹುಟ್ಟಿ ಬೆಳೆದ ವರ ಓದಿದರೆ? ಹೆತ್ತವರೇ ಮಗಳ ರೂಪವನ್ನು ಹಳಿದಿದ್ದಾರೆ ಎಂದುಕೊಳ್ಳಬಹುದು. ಅಮೆರಿಕಕ್ಕೆ ಓದಲು ಹೋದವರು ಅಲ್ಲಿನ ರೂಮ್‌ಮೇಟ್‌ಗೆ ಪ್ರೀತಿಯಿಂದ 'ಯೂ ಆರ್ ಸೋ ಹೋಮ್ಲಿ' ಎಂದರೂ ಇದೇ ಗತಿ.

ನಮ್ಮಲ್ಲೂ ಈ ಪದ ಅಷ್ಟೇನೂ ಮುಗ್ಧವಲ್ಲ. ಕೆಲಸಕ್ಕೆ ಹೋಗದವಳು ಬೇಕು ಎಂಬ ಬೇಡಿಕೆ ಎಷ್ಟೋ ಬಾರಿ ಅದರೊಳಗೇ ಅಡಗಿರುತ್ತದೆ. ವರನಿಗೆ 'ಹೋಮ್ಲಿ ಬಾಯ್' ಎಂದು ಬರೆದದ್ದನ್ನು ನೀವು ನೋಡಿದ್ದೀರಾ?

ಹಾಗಾದರೆ ಬಳಸುವುದು ಹೇಗೆ?

ಅಮೀರ್‌ಪೇಟೆಯ ಬೋರ್ಡ್ ತಪ್ಪೇನಲ್ಲ, ಅದು ಭಾರತೀಯ ಇಂಗ್ಲಿಷ್. ಹೊರದೇಶದವರಿಗೆ ಹೇಳುವಾಗ ಊಟಕ್ಕೆ 'ಹೋಮ್‌-ಸ್ಟೈಲ್' ಅಥವಾ 'ಹೋಮ್‌-ಕುಕ್ಡ್' ಎಂದರೆ ಗೊಂದಲವಿಲ್ಲ. ಜನರ ಬಗ್ಗೆಯಾದರೆ 'ಫ್ಯಾಮಿಲಿ-ಓರಿಯೆಂಟೆಡ್', 'ವಾರ್ಮ್' ಎನ್ನಬಹುದು.

ವ್ಯಾಕರಣದಲ್ಲೂ ಒಂದು ಎಡವಟ್ಟಿದೆ. ಕೊನೆಯಲ್ಲಿ 'ಲಿ' ಕಂಡ ಕೂಡಲೇ 'ಸ್ಲೋಲಿ', 'ಕ್ವಿಕ್ಲಿ'ಯಂತೆ ಕ್ರಿಯಾವಿಶೇಷಣ ಎಂದುಕೊಳ್ಳುವವರಿದ್ದಾರೆ. ಗುಣವಾಚಕಕ್ಕೆ 'ಲಿ' ಸೇರಿದರೆ ಸಾಮಾನ್ಯವಾಗಿ ಹಾಗಾಗುವುದು ನಿಜ. ನಾಮಪದಕ್ಕೆ ಸೇರಿದಾಗ ಹೆಚ್ಚಾಗಿ ಗುಣವಾಚಕವೇ ಸಿಗುತ್ತದೆ: ಫ್ರೆಂಡ್ಲಿ, ಕಾಸ್ಟ್ಲಿ, ಹೋಮ್ಲಿ. ಹಾಗಾಗಿ 'ಶಿ ಕುಕ್ಸ್ ಹೋಮ್ಲಿ' ತಪ್ಪು. 'ಎ ಹೋಮ್ಲಿ ಲಿಟಲ್ ಹೋಟೆಲ್' ಸರಿ, ಅದೂ ಲಂಡನ್‌ನಲ್ಲಿ. ನ್ಯೂಯಾರ್ಕ್‌ನಲ್ಲಾದರೆ 'ಹೋಮಿ' ಎನ್ನಿ.