ಕೂಡಗಿ ಉಷ್ಣ ವಿದ್ಯುತ್ ಸ್ಥಾವರ ವಿರೋಧಿ ಹೋರಾಟ

ಕೂಡಗಿ ಉಷ್ಣ ವಿದ್ಯುತ್ ಸ್ಥಾವರ ವಿರೋಧಿ ಹೋರಾಟವು ವಿಜಯಪುರ ಜಿಲ್ಲೆಯ ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ರಾಷ್ಟ್ರೀಯ ಉಷ್ಣ ವಿದ್ಯುತ್ ನಿಗಮದ (ಎನ್‌ಟಿಪಿಸಿ) ಕಲ್ಲಿದ್ದಲು ಆಧಾರಿತ ಸ್ಥಾವರದ ವಿರುದ್ಧ ರೈತರು ನಡೆಸಿದ ಚಳವಳಿ. ಭೂಸ್ವಾಧೀನ, ನೀರಿನ ಬಳಕೆ, ಹಾರುಬೂದಿಯ ಭಯ ಹಾಗೂ ಪುನರ್ವಸತಿ ಇದರ ಮುಖ್ಯ ವಿಷಯಗಳಾಗಿದ್ದವು. 2014ರ ಜುಲೈ ತಿಂಗಳಿನಲ್ಲಿ ನಡೆದ ಪೊಲೀಸ್ ಗೋಲಿಬಾರಿನಿಂದಾಗಿ ಹೋರಾಟವು ರಾಜ್ಯದಾದ್ಯಂತ ಚರ್ಚೆಗೆ ಬಂದಿತು.

ಹಿನ್ನೆಲೆ

ಸರ್ಕಾರದ ಮಾತಿನ ಮೇಲೆ ಈ ಭಾಗದ ಜನರಿಗಿದ್ದ ಅಪನಂಬಿಕೆ ಕೂಡಗಿಯಿಂದ ಆರಂಭವಾದುದಲ್ಲ. ಅದರ ಬೇರು ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿದೆ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ನೆರವೇರಿಸಿದರು. ಕಾಮಗಾರಿ ಮುಗಿಯಲು ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಈ ಅವಧಿಯಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳ ಹಾಗೂ ನೆರೆಯ ಬಾಗಲಕೋಟೆ ಭಾಗದ ನದಿದಂಡೆಯ ಅನೇಕ ಗ್ರಾಮಗಳು ಮುಳುಗಡೆಯಾದವು. 'ಮುಳುಗಡೆ ಸಂತ್ರಸ್ತ' ಎಂಬುದು ಇಲ್ಲಿ ಒಂದು ಜಾತಿಯ ಹೆಸರಿನಷ್ಟೇ ಪರಿಚಿತವಾದ ಪದವಾಗಿದೆ. ಪುನರ್ವಸತಿ ಕಾರ್ಯ ಎಷ್ಟು ಹಿಂದೆ ಬಿದ್ದಿತ್ತೆಂದರೆ, ಯೋಜನೆಗೆ ಸಾಲ ನೀಡಿದ್ದ ವಿಶ್ವ ಬ್ಯಾಂಕ್ 1990ರ ದಶಕದಲ್ಲಿ ಅದೇ ಕಾರಣಕ್ಕಾಗಿ ಹಣ ಬಿಡುಗಡೆಯನ್ನು ತಡೆಹಿಡಿಯಿತು.

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ ದೂರು ಬೇರೆ ಬಗೆಯದು. ಅಲ್ಲಿ ಹೊಲ ಮುಳುಗಲಿಲ್ಲ, ಆದರೆ ನೀರೂ ಸಕಾಲಕ್ಕೆ ಬರಲಿಲ್ಲ. ಕಾಲುವೆಯ ಕೊನೆಯ ಭಾಗದ ರೈತರು ಹಲವು ವರ್ಷ ಕಾದರು. ಏತ ನೀರಾವರಿ ಯೋಜನೆಗಳು ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಸಾಗುತ್ತಾ ಬಂದವು. ಇಂಡಿಯ ನಿಂಬೆ ತೋಟಗಳನ್ನು ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ಉಳಿಸಿಕೊಂಡ ಬೆಳೆಗಾರರಿದ್ದಾರೆ. ಹೀಗಿರುವಾಗ ಆಲಮಟ್ಟಿಯ ನೀರು ಒಂದು ವಿದ್ಯುತ್ ಸ್ಥಾವರಕ್ಕೆ ಹರಿಯಲಿದೆ ಎಂಬ ಸುದ್ದಿಯನ್ನು ಜಿಲ್ಲೆಯು ಯಾವ ಭಾವದಿಂದ ಸ್ವೀಕರಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಯೋಜನೆ ಮತ್ತು ಭೂಸ್ವಾಧೀನ

ಒಟ್ಟು 4,000 ಮೆಗಾವ್ಯಾಟ್ ಸಾಮರ್ಥ್ಯದ ಈ ಯೋಜನೆಯ ಮೊದಲ ಹಂತದಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳನ್ನು ಸ್ಥಾಪಿಸಲು ನಿರ್ಧರಿಸಲಾಯಿತು. ಕೂಡಗಿ, ತೆಲಗಿ, ಮಸೂತಿ, ಗೊಳಸಂಗಿ ಮೊದಲಾದ ಗ್ರಾಮಗಳ ಸುತ್ತಲಿನ ಭೂಮಿಯನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನಪಡಿಸಿಕೊಳ್ಳಲಾಯಿತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. ಮಂಡಳಿಯು 1966ರ ರಾಜ್ಯ ಕಾಯ್ದೆಯ 28ನೇ ಕಲಮಿನ ಅನ್ವಯ ಭೂಮಿ ಪಡೆಯುತ್ತದೆ. ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗಳನ್ನು ಆಲಿಸಲಾಗುತ್ತದೆ, ಅನಂತರ ಅಂತಿಮ ಅಧಿಸೂಚನೆ ಬರುತ್ತದೆ. ರೈತನ ಮಾತು ಕೇಳುವ ಅವಕಾಶ ಅದರಲ್ಲಿದೆ. ರೈತನ ಒಪ್ಪಿಗೆ ಕೇಳುವ ಕಟ್ಟುಪಾಡು ಇಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಭೂಸ್ವಾಧೀನ ಕಾಯ್ದೆಯು ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಶೇ. 80ರಷ್ಟು ಸಂತ್ರಸ್ತ ಕುಟುಂಬಗಳ ಸಮ್ಮತಿ ಬೇಕೆಂದು ವಿಧಿಸಿತು. ಕೂಡಗಿಯ ಭೂಮಿ ಅಷ್ಟರೊಳಗೇ ಕೈಬಿಟ್ಟು ಹೋಗಿತ್ತು. ಅಲ್ಲದೆ ಸರ್ಕಾರಿ ಒಡೆತನದ ಸಂಸ್ಥೆಗಳಿಗೆ ಆ ಸಮ್ಮತಿಯ ನಿಯಮ ಅನ್ವಯಿಸುವುದೂ ಇಲ್ಲ.

ಎನ್‌ಟಿಪಿಸಿಯ ಸ್ವರೂಪವೂ ಈ ವಿವಾದಕ್ಕೆ ಸಂಬಂಧಿಸಿದೆ. 1975ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಬಹುಪಾಲು ಷೇರುಗಳು ಕೇಂದ್ರ ಸರ್ಕಾರದ ಕೈಯಲ್ಲಿವೆ. 2004ರಿಂದ ಅದರ ಷೇರುಗಳು ಮಾರುಕಟ್ಟೆಯಲ್ಲಿಯೂ ಮಾರಾಟವಾಗುತ್ತಿವೆ. ಹೀಗಾಗಿ ಭೂಮಿ ಪಡೆಯುವಾಗ 'ಸಾರ್ವಜನಿಕ ಉದ್ದೇಶ'ವೆಂದೂ ಲೆಕ್ಕ ಒಪ್ಪಿಸುವಾಗ ಲಾಭವೆಂದೂ ಹೇಳುವ ಸಂಸ್ಥೆ ಇದು. ಬಂಡವಾಳಶಾಹಿಯ ದೋಷಗಳನ್ನು ಖಾಸಗಿ ಉದ್ಯಮಿಗಳಲ್ಲಿ ಮಾತ್ರ ಹುಡುಕುವವರು ಕೂಡಗಿಯ ಉದಾಹರಣೆಯನ್ನು ವಿವರಿಸಲು ತಡವರಿಸಬೇಕಾಗುತ್ತದೆ.

ಹಸಿರು ನ್ಯಾಯಮಂಡಳಿಯ ಆದೇಶ

ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯವು 2012ರ ಜನವರಿಯಲ್ಲಿ ಯೋಜನೆಗೆ ಪರಿಸರ ಅನುಮತಿ ನೀಡಿತು. ಇದನ್ನು ಸ್ಥಳೀಯರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದರು. ಉದ್ದೇಶಿತ ಭೂಮಿಯನ್ನು ಬಹುತೇಕ ಬರಡು, ಕಲ್ಲುನೆಲವೆಂದು ಅರ್ಜಿಯಲ್ಲಿ ತೋರಿಸಲಾಗಿದೆ, ವಾಸ್ತವದಲ್ಲಿ ಅದು ಸಾಗುವಳಿಯ ಹೊಲ ಎಂಬುದು ಅವರ ವಾದವಾಗಿತ್ತು. ಜೋಳ, ತೊಗರಿ, ಉಳ್ಳಾಗಡ್ಡಿ ಬೆಳೆಯುವ ನೆಲವನ್ನು ಕಾಗದದ ಮೇಲೆ ಬರಡಾಗಿಸಿದ್ದು ರೈತರಿಗೆ ಪರಿಹಾರದ ಮೊತ್ತಕ್ಕಿಂತಲೂ ದೊಡ್ಡ ಅವಮಾನವಾಗಿ ತೋರಿತು. ನ್ಯಾಯಮಂಡಳಿಯು 2014ರ ಮಾರ್ಚ್‌ನಲ್ಲಿ ಅರ್ಜಿದಾರರ ಆಕ್ಷೇಪದಲ್ಲಿ ಹುರುಳಿದೆಯೆಂದು ಕಂಡು, ಅನುಮತಿಯನ್ನು ಅಮಾನತಿನಲ್ಲಿರಿಸಿ, ಪುನರ್ವಸತಿಯೂ ಸೇರಿದಂತೆ ವಿಷಯವನ್ನು ಮರುಪರಿಶೀಲಿಸುವಂತೆ ಸಚಿವಾಲಯಕ್ಕೆ ಸೂಚಿಸಿತು. ಯೋಜನೆ ರದ್ದಾಗಲಿಲ್ಲ.

ಗೋಲಿಬಾರ್

2014ರ ಜುಲೈ ಮೊದಲ ವಾರದಲ್ಲಿ ಕಾಮಗಾರಿ ನಿಲ್ಲಿಸುವಂತೆ ಒತ್ತಾಯಿಸಿ ಸ್ಥಾವರದ ಬಳಿ ಸೇರಿದ್ದ ರೈತರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು. ಕಲ್ಲುತೂರಾಟ, ಲಾಠಿಪ್ರಹಾರಗಳ ನಂತರ ಪೊಲೀಸರು ಗುಂಡು ಹಾರಿಸಿದರು. ಎರಡೂ ಕಡೆಯವರಿಗೆ ಗಾಯಗಳಾದವು. ಆಗ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದರು. ಘಟನೆಯನ್ನು ಅನೇಕರು 1980ರ ಜುಲೈ 21ರ ನರಗುಂದ-ನವಲಗುಂದ ಗೋಲಿಬಾರಿಗೆ ಹೋಲಿಸಿದರು. ಅಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದಿದ್ದರು, ಪ್ರಾಣಹಾನಿಯೂ ಆಗಿತ್ತು. ಆ ಕಾವಿನಲ್ಲಿಯೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಕೂಡಗಿಯಿಂದ ಅಂಥ ಸಂಘಟನೆ ಹುಟ್ಟಲಿಲ್ಲ.

ನಂತರದ ಬೆಳವಣಿಗೆ

ಮೂರು ಘಟಕಗಳು 2017 ಮತ್ತು 2018ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಯೋಜನೆಯ ಪರವಾದ ವಾದವೂ ಹಗುರವಾದುದಲ್ಲ: ರಾಜ್ಯದಲ್ಲಿ ಆಗ ತೀವ್ರ ವಿದ್ಯುತ್ ಅಭಾವವಿತ್ತು, ಪಂಪ್‌ಸೆಟ್ಟಿಗೆ ಸರಿಯಾಗಿ ವಿದ್ಯುತ್ ಸಿಗದೆ ಬೆಳೆ ಒಣಗಿದ ರೈತರೂ ಇದೇ ಜಿಲ್ಲೆಯವರಾಗಿದ್ದರು. ಆದರೆ ಸ್ಥಾವರ ಸಿದ್ಧವಾಗುವ ವೇಳೆಗೆ ಕರ್ನಾಟಕದಲ್ಲಿ ಸೌರ ಮತ್ತು ಪವನ ವಿದ್ಯುತ್ ಬಹಳ ಬೆಳೆದಿತ್ತು. ಬೇಡಿಕೆ ತಗ್ಗಿದ ತಿಂಗಳುಗಳಲ್ಲಿ ಘಟಕಗಳನ್ನು ನಿಲ್ಲಿಸಿದ್ದೂ ಉಂಟು. ಖರೀದಿ ಒಪ್ಪಂದದ ಪ್ರಕಾರ ವಿದ್ಯುತ್ ಪಡೆಯದಿದ್ದರೂ ಸ್ಥಿರ ಶುಲ್ಕವನ್ನು ವಿತರಣಾ ಕಂಪನಿಗಳು ತೆರಬೇಕಾಗುತ್ತದೆ. ಅದು ಕೊನೆಗೆ ಗ್ರಾಹಕರ ಬಿಲ್ಲಿಗೇ ಸೇರುತ್ತದೆ.

ಇತ್ತ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರಂದು ಅನುಮತಿ ನೀಡಿದೆ. ಅದು ಜಾರಿಯಾದರೆ ಇನ್ನೂ ಹಲವು ಗ್ರಾಮಗಳು ಮುಳುಗಡೆಯ ಪಟ್ಟಿಗೆ ಸೇರಲಿವೆ.