ಕಣ್ಣಿಗೆ ಕಾಣದ ಕಾಡಿಗೆ: ಬರೆಯುವವರಿಗೆ ಶ್ರೀವಿಜಯನ ಪಾಠ

ನಾನು ಮಾತಾಡ್ತಿರೋದು ನಾಗಪುರದ ಪಕ್ಕದ ಕಳಮೇಶ್ವರದಿಂದ. ಸುತ್ತ ಕಿತ್ತಳೆ ತೋಟ, ಬೀದಿಯಲ್ಲಿ ಮರಾಠಿ, ಹಿಂದಿ. ಕನ್ನಡ ನಮ್ಮ ಮನೆಯೊಳಗೆ ಮಾತ್ರ. ಇಲ್ಲಿ ಕೂತು ಕನ್ನಡ ಬರೆದರೆ ಅದು ಕೆಡದೆ ಉಳಿಯುತ್ತಾ? ನನಗಿದು ಪ್ರತಿ ವಾರದ ಪ್ರಶ್ನೆ.

ಈ ನೆಲಕ್ಕೂ ಕನ್ನಡಕ್ಕೂ ಹಳೇ ನಂಟಿದೆ. ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ತಾಮ್ರಪಟ ಸಿಕ್ಕಿದೆ. ಶಕ 862, ಅಂದರೆ ಕ್ರಿ.ಶ. 940ರದ್ದು. ಭಾಷೆ ಸಂಸ್ಕೃತ. ಅದರಲ್ಲಿ 'ನಾಗಪುರ-ನಂದಿವರ್ಧನ' ಅನ್ನೋ ಸೀಮೆಯ ಹೆಸರಿದೆ. ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು, ಇದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಉಳಿದಿರೋ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ತಮಾಷೆ ನೋಡಿ, ಆ ಮೊದಲ ಗ್ರಂಥ ಕಥೆಯಲ್ಲ, ಪುರಾಣವಲ್ಲ. ಹೇಗೆ ಬರೀಬೇಕು ಅಂತ ಹೇಳಿಕೊಡೋ ಪುಸ್ತಕ!

ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು ಅನ್ನೋ ಅದರ ಮಾತು ಎಲ್ಲರಿಗೂ ಗೊತ್ತು. (ಆ ಲೆಕ್ಕದಲ್ಲಿ ನಮ್ಮ ಕಳಮೇಶ್ವರ ಗಡಿಯಾಚೆ, ಬಿಡಿ.) ಭಾಷಣಗಳಲ್ಲಿ ಅಲ್ಲಿಗೇ ನಿಲ್ಲಿಸ್ತಾರೆ. ಬರೆಯೋರಿಗೆ ನಿಜವಾಗಿ ಬೇಕಾದ ಸರಕು ಇರೋದು ಬೇರೆ ಕಡೆ.

ಪುಸ್ತಕದಲ್ಲಿ ಮೂರು ಪರಿಚ್ಛೇದ. ಶಬ್ದಾಲಂಕಾರ ಎರಡನೆಯದಕ್ಕೆ, ಅರ್ಥಾಲಂಕಾರ ಮೂರನೆಯದಕ್ಕೆ. ಮೊದಲನೆಯದು? ದೋಷ. ಅಲಂಕಾರದಲ್ಲಿ ದಂಡಿಯ 'ಕಾವ್ಯಾದರ್ಶ'ದ ಋಣ ಬಹಳ. ಕನ್ನಡದ ಕಷ್ಟಗಳ ಹತ್ತಿರ ಬಂದಾಗ ಮಾತ್ರ ಶ್ರೀವಿಜಯನ ಸ್ವಂತ ದನಿ ಕೇಳುತ್ತೆ. ದೇಸಿ ಎಷ್ಟು ಬಗೆ ಅಂದರೆ ವಾಸುಕಿಗೂ ಬೇಸರ ಬರುತ್ತೆ ಅಂತಾನೆ. ಸಂಸ್ಕೃತ, ಕನ್ನಡಗಳನ್ನ ತಿಳೀದೆ ಸಮಾಸ ಮಾಡಿದರೆ ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತಾನೆ. ಯಾರಾದರೂ 'ಹಾಲೋತ್ಪನ್ನ' ಅಂತ ಬರೆದರೆ ನನಗೆ ಆ ಒಡೆದ ಹಾಲೇ ಕಣ್ಮುಂದೆ ಬರುತ್ತೆ. 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನನದೂ ಇದೇ ತಕರಾರು. ಅವನಿಗದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ. ಇಬ್ಬರೂ ಅಡುಗೆಮನೆಗೇ ಹೋಗಿದ್ದಾರೆ!

ನನಗೆ ಹೆಚ್ಚು ಬೇಕಾದದ್ದು ಅವನ ಕಾಡಿಗೆಯ ಮಾತು. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೆ ಕಾಣಲ್ಲ. ಹಾಗೇ ತನ್ನ ತಪ್ಪು ತನಗೆ ಕಾಣಲ್ಲ. ಪ್ರತಿಭೆ ಕಡಿಮೆ ಅಂತಲ್ಲ, ಕಣ್ಣು ಇರೋದೇ ಹಾಗೆ. ಅದಕ್ಕೇ ಇರಬೇಕು, ಅವನು ದೋಷದ ಹೆಸರು ಹೇಳಿ ಸುಮ್ಮನಾಗಲ್ಲ. ಕೆಟ್ಟ ಪದ್ಯ ಇಡ್ತಾನೆ, ತಿದ್ದಿದ ಪದ್ಯವನ್ನೂ ತೋರಿಸ್ತಾನೆ.

ದಿನಾ ಇಷ್ಟು ಪುಟ ಬರೀರಿ ಅನ್ನೋ ಸಲಹೆಗಿಂತ ನನಗೆ ಇದು ಮೇಲು. ಬರೀ ಬರೀತಾ ಹೋದರೆ ಕೈ ಓಡುತ್ತೆ, ಹಳೇ ತಪ್ಪೂ ಜೊತೆಗೇ ಓಡುತ್ತೆ. ನಾನು ನೋಟ್‌ಬುಕ್‌ನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬರೀತೀನಿ. ಒಂದು ರಾತ್ರಿ ಕಳೆದ ಮೇಲೆ ಮನೆಯವರ ಮುಂದೆ ಗಟ್ಟಿಯಾಗಿ ಓದ್ತೀನಿ. ಅವರು ಎಲ್ಲಿ "ಏನಂದ್ರಿ?" ಅಂತಾರೋ ಅಲ್ಲಿ ಗೆರೆ. ತಿದ್ದಿದ್ದು ಕೆಳಗಿನ ಖಾಲಿ ಸಾಲಿಗೆ. ಮೇಲಿನದನ್ನ ಹೊಡೆದು ಹಾಕಲ್ಲ. ಎರಡೂ ಒಟ್ಟಿಗೆ ಕಂಡರೇನೇ ಹಿಂದಿಯ ವಾಕ್ಯ ಕನ್ನಡದ ಅಂಗಿ ಹಾಕಿಕೊಂಡು ಎಲ್ಲಿ ನುಸುಳಿತು ಅಂತ ಗೊತ್ತಾಗೋದು.

ಅಂದಹಾಗೆ, ನಮಗಿಂತ ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಜೂರಾದಲ್ಲಿ ಇದೇ ಮೂರನೇ ಕೃಷ್ಣನನ್ನ ಹೊಗಳೋ ಶಾಸನ ಇದೆ. ಅದು ಕನ್ನಡದಲ್ಲೇ ಇದೆ. ಮುಂದಿನ ಮಾತು ಅದರ ಬಗ್ಗೆ.